ಲಿನಕ್ಸ್ ಬಾಯಿಬಿಡದ ಎರಡನೇ ಕೋರ್

ಮಿರಜ್ ಕಡೆಯಿಂದ ಕಾಗವಾಡಕ್ಕೆ ಬಂದ ಹಳೆಯ ಕೋರ್ 2 ಡ್ಯುಯೊ ಲ್ಯಾಪ್‌ಟಾಪ್ ಒಂದಕ್ಕೆ ಲಿನಕ್ಸ್ ಹಾಕಿದ್ದರು. ಬೂಟ್ ಆಗುವಾಗ ಪರದೆ ಕಪ್ಪಾಗಿ ನಿಲ್ಲುತ್ತಿತ್ತಂತೆ; ರಿಪೇರಿಯವರು ಬೂಟ್ ಸಾಲಿಗೆ 'ಎಸಿಪಿಐ=ಆಫ್' ಎಂದು ಸೇರಿಸಿದರು, ಯಂತ್ರ ಓಡಿತು. ಆದರೆ ಬ್ರೌಸರ್‌ನಲ್ಲಿ ಎರಡು ಪುಟ ತೆರೆದರೆ ಏದುಸಿರು. ಬ್ಯಾಟರಿ ಎಷ್ಟಿದೆ ಎಂಬ ಗುರುತೂ ಇರಲಿಲ್ಲ. ಟರ್ಮಿನಲ್‌ನಲ್ಲಿ ಸಿಪಿಯು ವಿವರ ತೋರಿಸುವ 'ಎಲ್‌ಎಸ್‌ಸಿಪಿಯು' ಆದೇಶ ಕೊಟ್ಟು ನೋಡಿದೆ. ಮಾದರಿಯ ಸಾಲಿನಲ್ಲಿ 'ಡ್ಯುಯೊ' (ಅಂದರೆ ಎರಡು ಕೋರ್) ಎಂದೇ ಇದೆ, ಸಿಪಿಯು ಸಂಖ್ಯೆಯ ಸಾಲಿನಲ್ಲಿ 1.

ಕೋರ್ ಗುರುತಿಸುವ ವಿಷಯದಲ್ಲಿ ಲಿನಕ್ಸ್ ಮಾಡಿರುವ ಕೆಲಸ ಸಣ್ಣದಲ್ಲ. ಒಂದಕ್ಕಿಂತ ಹೆಚ್ಚು ಪ್ರೊಸೆಸರ್ ನಡೆಸುವ ಶಕ್ತಿ ಅದಕ್ಕೆ ಬಂದದ್ದು 1996ರ 2.0 ಆವೃತ್ತಿಯಲ್ಲಿ. ಆಮೇಲೆ ಬಹಳ ವರ್ಷ ಒಂಟಿ ಪ್ರೊಸೆಸರ್‌ಗೆ ಒಂದು ಕರ್ನಲ್ (ವ್ಯವಸ್ಥೆಯ ತಿರುಳು), ಹೆಚ್ಚಿದ್ದರೆ ಇನ್ನೊಂದು. ಯಾವುದು ಬೇಕೆಂದು ಬಳಸುವವರೇ ತಿಳಿದು ಹಾಕಿಕೊಳ್ಳಬೇಕಿತ್ತು. 2006ರ ಜನವರಿಯಲ್ಲಿ ಇಂಟೆಲ್‌ನ ಕೋರ್ ಡ್ಯುಯೊ ಲ್ಯಾಪ್‌ಟಾಪ್‌ಗಳಿಗೆ ಬಂತು. ಅದೇ ವರ್ಷದ 2.6.17ರಲ್ಲಿ ಕರ್ನಲ್ ಬೂಟ್ ಆಗುವಾಗ ಒಂದೇ ಸಿಪಿಯು ಕಂಡರೆ ಹಲವು ಸಿಪಿಯುಗಳು ಒಂದಕ್ಕೊಂದು ಅಡ್ಡಬರದಂತೆ ತನ್ನೊಳಗೆ ಇಟ್ಟಿರುವ ಬೀಗದ ಆದೇಶಗಳನ್ನು ತಾನೇ ತಿದ್ದಿ ಹಗುರಾಗುವುದನ್ನು ಕಲಿತಿತು. ಎರಡು ಕರ್ನಲ್ ಇಡುವ ಅಗತ್ಯವೇ ತಪ್ಪಿತು. ಹಳೆಯ ಯಂತ್ರವನ್ನೇ ನೆಚ್ಚಿಕೊಂಡವರಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ ಎಂದೇ ನನ್ನ ಎಣಿಕೆ. ಇನ್ನೊಂದು ಕಾರ್ಯಾಚರಣಾ ವ್ಯವಸ್ಥೆಯಾದ ಓಪನ್‌ಬಿಎಸ್‌ಡಿ ಇಂದಿಗೂ ಎರಡು ಕರ್ನಲ್ ಇಟ್ಟುಕೊಂಡಿದೆ. ಅಲ್ಲಿ ಸರಿಯಾದದ್ದನ್ನು ಆರಿಸುವ ಕೆಲಸ ಇನ್‌ಸ್ಟಾಲರ್‌ನದು.

ಹಾಗಿದ್ದರೆ ಇಲ್ಲಿ ಒಂದು ಕೋರ್ ಎಲ್ಲಿ ಹೋಯಿತು? ಎಷ್ಟು ಕೋರ್‌ಗಳಿವೆ ಎಂಬ ಪಟ್ಟಿಯನ್ನು ಬಯಾಸ್, ಯಂತ್ರಾಂಶದ ವಿವರಗಳನ್ನು ಕರ್ನಲ್‌ಗೆ ತಿಳಿಸುವ ಎಸಿಪಿಐ ಕೋಷ್ಟಕದಲ್ಲಿ ಇಟ್ಟಿರುತ್ತದೆ. ಕರ್ನಲ್ ಅದನ್ನು ಓದಿ ಕೋರ್‌ಗಳನ್ನು ಒಂದೊಂದಾಗಿ ಎಬ್ಬಿಸುತ್ತದೆ. ಎಸಿಪಿಐ ಆಫ್ ಮಾಡಿದರೆ ಪಟ್ಟಿಯೇ ಕಾಣದು, ಬ್ಯಾಟರಿ ಮಟ್ಟವೂ ಕಾಣದಿರಬಹುದು. ಹಳೆಯ ಪದ್ಧತಿಯ ಇನ್ನೊಂದು ಪಟ್ಟಿ ಬಯಾಸ್‌ನಲ್ಲಿ ಇಲ್ಲದಿದ್ದರೆ ಕರ್ನಲ್ ಒಂದೇ ಕೋರ್‌ನಲ್ಲಿ ಉಳಿಯುತ್ತದೆ. ಈ ಲ್ಯಾಪ್‌ಟಾಪ್‌ನ ನಿಜವಾದ ತೊಂದರೆ ಗ್ರಾಫಿಕ್ಸ್‌ನದು. ಬೂಟ್ ಲೋಡರ್ ಗ್ರಬ್‌ನ ಸಾಲಿನಲ್ಲಿ 'ಎಸಿಪಿಐ=ಆಫ್' ಅಳಿಸಿ, ಪರದೆಯ ಮೋಡನ್ನು ಕರ್ನಲ್ ಬದಲಿಸದಂತೆ ತಡೆಯುವ 'ನೋಮೋಡ್‌ಸೆಟ್' ಹಾಕಿದ ಮೇಲೆ ಪರದೆ ಬಂತು, ಎರಡೂ ಕೋರ್ ಬಂದವು, ಬ್ಯಾಟರಿಯೂ ಕಂಡಿತು.

ನನ್ನ ತಕರಾರು ಎಣಿಕೆಯ ಬಗ್ಗೆ ಅಲ್ಲ, ಮೌನದ ಬಗ್ಗೆ. ಕೋರ್ ಸಿಗದಿದ್ದಾಗ ಕರ್ನಲ್ ಹೇಳುವುದನ್ನು ನೂರಾರು ಇಂಗ್ಲಿಷ್ ಸಾಲುಗಳ ಲಾಗ್‌ನಲ್ಲಿ ಹುಡುಕಬೇಕು. ಗ್ನೋಮ್, ಕೆಡಿಇ ಮೆನುಗಳಿಗೆ ಕನ್ನಡ ಬಂದಿದೆ, ಈ ಲಾಗ್‌ಗೆ ಇಲ್ಲ. ಮಾದರಿಯ ಹೆಸರು ಎರಡು ಎನ್ನುವಾಗ ಲೆಕ್ಕ ಒಂದು ಎಂದರೆ ಡೆಸ್ಕ್‌ಟಾಪ್ ಅಷ್ಟನ್ನಾದರೂ ಎಚ್ಚರಿಸಬೇಕಿತ್ತು. ಉಬುಂಟುವಿನ ಹಳೆಯ ಇನ್‌ಸ್ಟಾಲ್ ಡಿಸ್ಕ್‌ಗಳಲ್ಲಿ ಎಫ್6 ಒತ್ತಿದರೆ ಎಸಿಪಿಐ=ಆಫ್ ಮತ್ತು ನೋಮೋಡ್‌ಸೆಟ್ ಒಂದೇ ಪಟ್ಟಿಯಲ್ಲಿ ಕಾಣುತ್ತಿದ್ದವು, ಯಾವುದರಿಂದ ಏನು ನಷ್ಟ ಎಂಬ ವಿವರಣೆ ಇಲ್ಲದೆ. ಕಪ್ಪು ಪರದೆಯ ಮುಂದೆ ಕುಳಿತವರು ಯಾವುದನ್ನಾದರೂ ಒತ್ತಿಬಿಡುತ್ತಾರೆ. 'ಇದನ್ನು ಆರಿಸಿದರೆ ಒಂದೇ ಕೋರ್ ಓಡಬಹುದು, ಬ್ಯಾಟರಿ ಮಟ್ಟ ಕಾಣದಿರಬಹುದು' ಎಂದು ಪಕ್ಕದಲ್ಲೇ ಕನ್ನಡದಲ್ಲಿ ಬರೆದಿದ್ದರೆ ಆ ರಿಪೇರಿಯವರು ಮೊದಲು ಇನ್ನೊಂದನ್ನು ಹಾಕಿ ನೋಡುತ್ತಿದ್ದರು.