ಕಲ್ಲಂಗಡಿ–ಪನೀರ್ ಕೋಸಂಬರಿ: ಒಂದು ವಾಕ್ಯದ ವ್ಯಾಖ್ಯಾನ

ಮೂಲ: “ಬೇಸಗೆಯ ಬೆಳದಿಂಗಳೂಟಕ್ಕೆ, ತಣಿದ ಕಲ್ಲಂಗಡಿಯನ್ನು ಹೆಚ್ಚಿ, ಬೀಜ ಕಳೆದು, ಒತ್ತಿ ಬಸಿದ ಪನೀರನ್ನು ಕೂಡಿಸಿ, ಎಳೆಸೌತೆಯನ್ನೂ ಗಿಣಿಮೂತಿ ಮಾವನ್ನೂ ಮಿತವಾಗಿ ಬೆರಸಿ, ಪುದೀನ ಹರಿದು, ನಿಂಬೆ ಹಿಂಡಿ, ಮೆಣಸು ಕುಟ್ಟಿ ಉದುರಿಸಿ, ಎಲ್ಲರೂ ಕುಳಿತ ಮೇಲೆ ಉಪ್ಪಿಡುವುದು.”

ಈ ವಾಕ್ಯದಲ್ಲಿ ಹೆಚ್ಚುವುದು, ಕಳೆಯುವುದು, ಕೂಡಿಸುವುದು ಮೊದಲಾದ ಕ್ರಿಯೆಗಳು ಹಲವು. ಆದರೆ ಅವೆಲ್ಲ ಒಂದರ ಹೆಗಲ ಮೇಲೊಂದು ಕೈಯಿಟ್ಟು ನಡೆದು, ಉಪ್ಪಿಡುವುದರಲ್ಲಿ ಹೋಗಿ ನಿಲ್ಲುತ್ತವೆ. ಕ್ರಮ ತಪ್ಪಿದರೆ ಪದಾರ್ಥಗಳು ಅವೇ ಆದರೂ ತಿನಿಸು ಬೇರೆಯಾಗುತ್ತದೆ. ಅದೆಂತೆಂದರೆ, ಈ ಕೋಸಂಬರಿಯ ಗುಣದೋಷಗಳೆರಡಕ್ಕೂ ಕಾರಣ ನೀರು. ಹಣ್ಣಿನ ನೀರು ಹಣ್ಣಿನಲ್ಲೇ ಉಳಿಯಬೇಕು, ಪನೀರಿನ ನೀರು ಮೊದಲೇ ಹೋಗಿರಬೇಕು. ಮೂಲದ ಒಂದೊಂದು ವಿಧಿಯನ್ನೂ ಈ ಎರಡರ ಬೆಳಕಿನಲ್ಲೇ ಓದಬೇಕು.

“ಬೇಸಗೆಯ” ಎಂಬುದು ಕಾಲನಿರ್ದೇಶ. ಮಾರ್ಚಿಯಿಂದ ಮೇ ವರೆಗಿನ, ಚಂದ್ರಮಾನದಲ್ಲಿ ಹೇಳುವುದಾದರೆ ಹೆಚ್ಚುಕಡಿಮೆ ಫಾಲ್ಗುಣದ ಕಡೆಯಿಂದ ವೈಶಾಖದ ಕಡೆಯವರೆಗಿನ ಅವಧಿ ಇಲ್ಲಿ ವಿವಕ್ಷಿತ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿಗೆ ಬೇಸಗೆಯೆಂಬುದೇ ಇಲ್ಲವೆಂದು ಹಿಂದಿನವರು ಹೇಳುತ್ತಿದ್ದರು. 2016ರ ಏಪ್ರಿಲ್ 24ರಂದು ನಗರದಲ್ಲಿ 39.2 ಡಿಗ್ರಿ ಸೆಲ್ಸಿಯಸ್ ದಾಖಲಾದ ಮೇಲೆ ಆ ಮಾತನ್ನು ಯಾರೂ ಆಡಿದಂತಿಲ್ಲ. ಬೆಂಗಳೂರು ವಿಶ್ವವಿದ್ಯಾಲಯ 1973ರಲ್ಲಿ ಬಂದು ನೆಲೆಸಿದ ಜ್ಞಾನಭಾರತಿಯ ಆವರಣ ಸಾವಿರಕ್ಕೂ ಮೀರಿದ ಎಕರೆಯದು. ಅದರ ಮರಗಳ ಮಗ್ಗುಲಲ್ಲಿರುವ ಉಲ್ಲಾಳ, ಮಲ್ಲತ್ತಹಳ್ಳಿ, ನಾಗರಬಾವಿಗಳ ಮನೆಗಳಲ್ಲಿ ಕೂಡ ಏಪ್ರಿಲ್ ಸಂಜೆ ಒಳಮನೆಗಿಂತ ತಾರಸಿಯೇ ಹಿತ. ಮೂಲದ ಮುಂದಿನ ಪದಕ್ಕೆ ಇದೇ ಪೀಠಿಕೆ.

“ಬೆಳದಿಂಗಳೂಟ” ಎಂದರೆ ಹುಣ್ಣಿಮೆಯ ಆಸುಪಾಸಿನಲ್ಲಿ ತಾರಸಿಯ ಮೇಲೆ ನೆರೆಹೊರೆಯವರು, ನೆಂಟರಿಷ್ಟರು ಕೂಡಿ ಮಾಡುವ ಊಟ. ಹಿಂದೆ ಬಿಸಿಬೇಳೆಭಾತೂ ಮೊಸರನ್ನವೂ ಡಬರಿಗಳಲ್ಲಿ ಮೇಲೇರುತ್ತಿದ್ದವು; ಈಗ ಅಗ್ಗಿಷ್ಟಿಕೆಯೂ, ಅಂದರೆ ಕೆಂಡದ ಒಲೆಯೂ, ಏರುತ್ತದೆ. ಅದರ ಮೇಲೆ ಮುಸುಕಿನ ಜೋಳ, ಬದನೆಕಾಯಿ, ಕೆಲವರ ಮನೆಯಲ್ಲಿ ಕಬಾಬು. ಸುಟ್ಟದ್ದು, ಖಾರದ್ದು, ಹೊಗೆ ಹತ್ತಿದ್ದು ಇಷ್ಟೇ ಆದರೆ ನಾಲಗೆ ಬೇಗ ದಣಿಯುತ್ತದೆ. ಆದ್ದರಿಂದ ಬೆಂಕಿ ಮುಟ್ಟದ ಒಂದು ತಿನಿಸು ಪಕ್ಕದಲ್ಲಿರಬೇಕೆಂಬುದು “ಬೆಳದಿಂಗಳೂಟಕ್ಕೆ” ಎಂಬ ಚತುರ್ಥಿಯ ತಾತ್ಪರ್ಯ.

“ತಣಿದ ಕಲ್ಲಂಗಡಿಯನ್ನು” ಎಂಬಲ್ಲಿ ವಿಶೇಷಣ ಮೊದಲು ವಿಚಾರಾರ್ಹ. ಹಣ್ಣು ಇಡಿಯಾಗಿದ್ದಾಗಲೇ ತಣಿಯಬೇಕು, ಹೆಚ್ಚಿದ ಮೇಲಲ್ಲ. ಹೆಚ್ಚಿದ ತುಂಡುಗಳನ್ನು ಶೀತಕದಲ್ಲಿಟ್ಟರೆ ಅವು ತಮ್ಮ ರಸದಲ್ಲೇ ನೆನೆದು ಮೆತ್ತಗಾಗುತ್ತವೆ. ಹಿಂದಿನ ಇರುಳೇ ಇಡೀ ಕಾಯನ್ನು ಒಳಗಿಡುವುದು ಉತ್ತಮ. ಜಾಗ ಸಾಲದಿದ್ದರೆ ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ ಒದ್ದೆ ಗೋಣಿ ಹೊದಿಸುವುದು ಮಧ್ಯಮ. ಇನ್ನು ವಿಶೇಷ್ಯ. ಕಲ್ಲಂಗಡಿಯ ತೂಕದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ನೀರೇ ಆದುದರಿಂದ ಬೇಸಗೆಗೆ ಇದಕ್ಕಿಂತ ತಕ್ಕ ಹಣ್ಣಿಲ್ಲ. ಮೈಸೂರು ರಸ್ತೆಯ ಬದಿಯ ರಾಶಿಗಳಲ್ಲಿ ಪಟ್ಟೆಯ ದೊಡ್ಡ ಕಾಯಿಗೆ ‘ನಾಮಧಾರಿ’ ಎಂದೂ, ಕಡುಹಸಿರಿನ ಉದ್ದನೆಯ ಸಣ್ಣ ಕಾಯಿಗೆ ‘ಕಿರಣ್’ ಎಂದೂ ಹೆಸರು. ಮೊದಲನೆಯದು ಅದೇ ರಸ್ತೆಯಲ್ಲಿ ಮುಂದೆ ಸಿಗುವ ಬಿಡದಿಯ ಬೀಜದ ಕಂಪನಿಯ ಹೆಸರಿನಿಂದ ಬಂದದ್ದು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕ ಮಾಣಿಕ್’ ತಳಿಯೂ ಸಿಹಿಗೆ ಹೆಸರಾದದ್ದು. 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿದ ಹಾಪ್‌ಕಾಮ್ಸ್ ಬೇಸಗೆಯ ಬಾಗಿಲಲ್ಲಿ ದ್ರಾಕ್ಷಿ–ಕಲ್ಲಂಗಡಿ ಮೇಳ ನಡೆಸುವುದುಂಟು. ಕಾಯಿ ಆರಿಸಲು ಕಲಿಯಬೇಕೆನ್ನುವವರಿಗೆ ಅದು ಒಳ್ಳೆಯ ಶಾಲೆ.

ಆರಿಸುವ ಲಕ್ಷಣಗಳಾವುವೆಂದರೆ: ಕಾಯಿ ನೆಲಕ್ಕೆ ತಾಗಿ ಮಲಗಿದ್ದ ಕಡೆಯ ಮಚ್ಚೆ ಬೆಣ್ಣೆಯ ಹಳದಿಗೆ ತಿರುಗಿರಬೇಕು, ಅದು ಬೆಳ್ಳಗಿದ್ದರೆ ಅವಸರದಲ್ಲಿ ಕೊಯ್ದದ್ದು. ಸಿಪ್ಪೆ ಮಿರುಗಬಾರದು. ಗಾತ್ರಕ್ಕೆ ಮೀರಿದ ಭಾರವಿರಬೇಕು. ಬಡಿದು ಸದ್ದು ಕೇಳುವುದನ್ನು ಎಲ್ಲರೂ ಮಾಡುತ್ತಾರೆ, ಆದರೆ ಮಚ್ಚೆಯಷ್ಟು ನಂಬುಗೆಯ ಸಾಕ್ಷಿ ಅದಲ್ಲ.

“ಹೆಚ್ಚಿ” ಎಂದರೆ ಒಂದಂಗುಲದ ಚೌಕಗಳಾಗಿ ಎಂದು ತಿಳಿಯಬೇಕು. ಸಣ್ಣದಾಗಿ ಹೆಚ್ಚಿದಷ್ಟೂ ಕೊಯ್ದ ಮೈ ಹೆಚ್ಚಿ ರಸ ಹೆಚ್ಚು ಸೋರುತ್ತದೆ. ಆರೆಂಟು ಜನರಿಗೆ ಸಿಪ್ಪೆ ಕಳೆದ ತಿರುಳು ಒಂದು ಕಿಲೋ ಸಾಕು. “ಬೀಜ ಕಳೆದು” ಎಂಬುದು ಸ್ಪಷ್ಟ. ಮಬ್ಬು ಬೆಳಕಿನಲ್ಲಿ ಉಣ್ಣುವವರಿಗೆ ಇದರ ಬೆಲೆ ಗೊತ್ತು.

“ಒತ್ತಿ ಬಸಿದ ಪನೀರನ್ನು ಕೂಡಿಸಿ” ಎಂಬುದು ಮೂಲದ ಹೃದಯಭಾಗ, ಇಲ್ಲಿ ನಿಧಾನಿಸಬೇಕು. ಹಣ್ಣಿನ ಜತೆಗೆ ಒಡೆದ ಹಾಲಿನ ಗಟ್ಟಿಯೆ ಎಂಬ ಅಚ್ಚರಿ ಸಹಜ. ಗ್ರೀಸಿನಲ್ಲಿ ಕುರಿ ಮೇಕೆಗಳ ಹಾಲಿನ ಫೆಟಾ ಎಂಬ ಉಪ್ಪುಚೀಸನ್ನೂ ತುರ್ಕಿಯಲ್ಲಿ ಅಂಥದೇ ಬಿಳಿಯ ಚೀಸನ್ನೂ ಕಲ್ಲಂಗಡಿಯೊಡನೆ ತಿನ್ನುವುದು ಬೇಸಗೆಯ ನಿತ್ಯದ ರೂಢಿ. ಸಿಹಿಯ ಪಕ್ಕದಲ್ಲಿ ಉಪ್ಪು, ನೀರಿನ ಪಕ್ಕದಲ್ಲಿ ಜಿಡ್ಡು ಎಂಬುದೇ ಅಲ್ಲಿನ ನ್ಯಾಯ. ಹಾಲೊಡೆಯುವ ವಿದ್ಯೆ ಕನ್ನಡ ನಾಡಿಗೂ ಹೊಸತಲ್ಲ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ಅಡುಗೆಯ ಭಾಗದಲ್ಲಿ, ಕಾಯಿಸಿದ ಹಾಲನ್ನು ಹುಳಿಯಿಂದ ಒಡೆದು, ಬಟ್ಟೆಯಲ್ಲಿ ಸೋಸಿ, ಆ ಗಟ್ಟಿಯಿಂದ ಸಿಹಿತಿಂಡಿ ಮಾಡುವ ವಿಧಾನವಿದೆ. ಊರುಗಳಲ್ಲಿ ಈದ ಹಸುವಿನ ಮೊದಲ ದಿನಗಳ ಹಾಲನ್ನು ಬೆಲ್ಲ ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿದ ಗಿಣ್ಣನ್ನೂ ಇಲ್ಲಿ ನೆನೆಯಬಹುದು. ಆದರೆ ಗಿಣ್ಣು ಹುಳಿಯ ನೆರವಿಲ್ಲದೆ ಬರಿಯ ಶಾಖಕ್ಕೇ ಹೆಪ್ಪಾಗುವಂಥದು, ಪನೀರಿಗೆ ಹುಳಿ ಬೇಕೇ ಬೇಕು. ಈ ಭೇದ ಮರೆಯತಕ್ಕದ್ದಲ್ಲ.

ಮನೆಯಲ್ಲಿ ಮಾಡುವವರು ಒಂದು ಲೀಟರ್ ಕೆನೆಭರಿತ ಹಾಲನ್ನು ಕುದಿ ಬರುವವರೆಗೆ ಕಾಯಿಸಿ, ಒಲೆ ಆರಿಸಿ, ಒಂದೆರಡು ನಿಮಿಷ ಬಿಟ್ಟು, ಎರಡು ದೊಡ್ಡ ಚಮಚ ನಿಂಬೆರಸಕ್ಕೆ ಅಷ್ಟೇ ನೀರು ಬೆರಸಿ ಸ್ವಲ್ಪಸ್ವಲ್ಪವಾಗಿ ಹಾಕುತ್ತ ಮೆಲ್ಲಗೆ ಕಲಕಬೇಕು. ಮೊದಲು ಹಾಲಿನ ಮೈ ತರಿತರಿಯಾಗುತ್ತದೆ. ಆಮೇಲೆ ಬಿಳಿಯ ಮುದ್ದೆಗಳು ಒಂದರ ಕಡೆಗೊಂದು ಸರಿಯುತ್ತವೆ. ಕೊನೆಗೆ ಅವುಗಳ ನಡುವೆ ತಿಳಿಹಸಿರು ಛಾಯೆಯ ಹಾಲೊಡಕು ನೀರು ಕಾಣುತ್ತದೆ. ನೀರು ತಿಳಿಯಾಯಿತೆಂದರೆ ಹುಳಿ ಸಾಕಾಯಿತೆಂದೇ ಅರ್ಥ. ಮೇಲೆ ಹಾಕಿದ ಪ್ರತಿ ಹನಿಯೂ ಪನೀರನ್ನು ಬಿರುಸಾಗಿಸುತ್ತದೆ. ತೆಳುಬಟ್ಟೆಯಲ್ಲಿ ಸೋಸಿ, ತಣ್ಣೀರಿನಲ್ಲಿ ಒಮ್ಮೆ ಅದ್ದಿ ಹುಳಿ ಕಳೆದು, ಗಂಟುಕಟ್ಟಿ, ಮಣೆಯ ಮೇಲಿಟ್ಟು ಒರಳಿನ ಗುಂಡನ್ನೋ ನೀರು ತುಂಬಿದ ತಪ್ಪಲೆಯನ್ನೋ ಅರ್ಧ ಗಂಟೆ ಹೇರಬೇಕು. ಇದೇ “ಒತ್ತಿ” ಎಂಬುದರ ಅರ್ಥ. ಹಸುವಿನ ಹಾಲಿನಿಂದ ದೊರೆಯುವುದು ಸುಮಾರು 150 ಗ್ರಾಂ, ಎಮ್ಮೆಯದಾದರೆ ಇನ್ನಷ್ಟು. ಉಳಿದ ಹಾಲೊಡಕನ್ನು ಚೆಲ್ಲಬಾರದು. ಚಪಾತಿ ಹಿಟ್ಟಿಗೂ ಸಾರಿಗೂ ಸಲ್ಲುತ್ತದೆ.

ನಂದಿನಿ ಮಳಿಗೆಯಿಂದ 200 ಗ್ರಾಮಿನ ಪೊಟ್ಟಣ ತಂದವರಿಗೆ ಒತ್ತುವ ಕೆಲಸವಿಲ್ಲ, ಮೃದುಗೊಳಿಸುವ ಕೆಲಸವಿದೆ. ಚೌಕವಾಗಿ ಕೊಯ್ದು, ಬೆಚ್ಚನೆಯ ಉಪ್ಪುನೀರಿನಲ್ಲಿ ಹತ್ತು ನಿಮಿಷ ನೆನೆಯಿಸಿ, ಬಟ್ಟೆಯಿಂದ ಒರಸಿ, ತಣಿಸಬೇಕು. “ಉಪ್ಪು ಕಡೆಗೆ” ಎಂಬ ವಿಧಿಗೆ ಇದು ವಿರೋಧವಲ್ಲವೆ? ಅಲ್ಲ. ನಿಷೇಧವಿರುವುದು ಹಣ್ಣಿಗೆ ಉಪ್ಪು ಮುಟ್ಟಿಸುವುದಕ್ಕೆ. ಪನೀರು ತಾನೇ ಉಪ್ಪು ಹೀರಿ ಒಳಗಿಟ್ಟುಕೊಂಡರೆ ಸಪ್ಪೆತನ ನೀಗುತ್ತದೆ, ಫೆಟಾ ಮಾಡುವ ಕೆಲಸವನ್ನೇ ಇದೂ ಮಾಡುತ್ತದೆ. ಪನೀರಿಗೆ ಬದಲು ಇಟಲಿಯ ಬಗೆಯ ಮೆತ್ತನೆಯ ಮೊಜರೆಲ್ಲ ಬಳಸುವವರುಂಟು. ಬೆಂಗಳೂರಿನಲ್ಲೇ ವಲ್ಲೊಂಬ್ರೋಸ ಬೆನೆಡಿಕ್ಟೈನ್ ಸನ್ಯಾಸಿಗಳು ಅಂಥ ಚೀಸುಗಳನ್ನು ಮಾಡುತ್ತಾರೆ. ಅದೂ ಸಲ್ಲುತ್ತದೆ. ಸ್ಯಾಂಡ್‌ವಿಚ್ಚಿನ ಹಳದಿ ಹಾಳೆಯ ಚೀಸು ಮಾತ್ರ ಸಲ್ಲದು. ಅದು ಹಲ್ಲಿಗೆ ಅಂಟಿ ಹಣ್ಣಿನ ರುಚಿಯನ್ನು ಮುಚ್ಚಿಬಿಡುತ್ತದೆ.

ಇಲ್ಲೊಂದು ಪೂರ್ವಪಕ್ಷ. ಹಾಲಿಗೂ ಹುಳಿಹಣ್ಣಿಗೂ ವಿರುದ್ಧಾಹಾರವೆಂದು ಚರಕಸಂಹಿತೆ ಸಾರುತ್ತದಲ್ಲ, ಪನೀರು ಹಾಲೇ ತಾನೆ ಎಂಬುದು ಶಂಕೆ. ಸಮಾಧಾನವೇನೆಂದರೆ, ಪನೀರಿನಲ್ಲಿ ಹಾಲೂ ಹುಳಿಯೂ ಎದುರಾದದ್ದು ಪಾತ್ರೆಯಲ್ಲೇ ಮುಗಿದಿದೆ. ಒಡೆದ ಹಾಲಿನ ಗಟ್ಟಿಯನ್ನು ಆಯುರ್ವೇದದ ಗ್ರಂಥಗಳು ಕಿಲಾಟವೆಂಬ ಬೇರೆ ಹೆಸರಿನಿಂದ ಕರೆದು ಬೇರೆಯಾಗಿಯೇ ಗುಣ ಹೇಳುತ್ತವೆ. ಆದರೆ ಆ ಗುಣಗಳಲ್ಲಿ ಮೊದಲನೆಯದು ಗುರುತ್ವ, ಅಂದರೆ ಬೇಗ ಅರಗದಿರುವಿಕೆ. ಆದ್ದರಿಂದ ಪೂರ್ವಪಕ್ಷಿ ಪೂರ್ತಿ ಸೋತನೆನ್ನುವಂತಿಲ್ಲ. ಪಥ್ಯ ಹಿಡಿದವರಿಗೆ ಪನೀರು ಬೆರಸುವ ಮುನ್ನವೇ ಒಂದು ಬಟ್ಟಲು ತೆಗೆದಿಡುವುದು ಗೃಹಸ್ಥಧರ್ಮ.

“ಎಳೆಸೌತೆಯನ್ನೂ ಗಿಣಿಮೂತಿ ಮಾವನ್ನೂ ಮಿತವಾಗಿ” ಎಂಬಲ್ಲಿ ಭಾರವೆಲ್ಲ “ಮಿತವಾಗಿ” ಎಂಬುದರ ಮೇಲೆ. ಸೌತೆ ಕಲ್ಲಂಗಡಿಯ ಬಳಗದ್ದೇ ಬಳ್ಳಿ. ಅದು ತರುವುದು ಕುರುಕುತನ. ಒಂದು ಕಾಯಿ ಸಾಕು. ಬಲಿತದ್ದಾದರೆ ನಡುವಿನ ಬೀಜದ ಲೋಳೆಯನ್ನು ಕೆರೆದು ತೆಗೆಯಬೇಕು, ಇಲ್ಲವಾದರೆ ಅಲ್ಲಿಂದಲೂ ನೀರು. ಗಿಣಿಮೂತಿ ಎಂದರೆ ತೋತಾಪುರಿ, ಶಾಲೆಗಳ ಮುಂದೆ ಉಪ್ಪು ಖಾರ ಸವರಿ ಮಾರುವ, ಕೊಕ್ಕಿನಂತೆ ತುದಿ ಬಾಗಿದ ಕಾಯಿ. ಪಕ್ಕದ ರಾಮನಗರ ಸೀಮೆಯಿಂದ ಬಾದಾಮಿ, ರಸಪುರಿಗಳು ಬರುವ ಹೊತ್ತಿನಲ್ಲಿ ಇದೇಕೆಂದರೆ, ಅವು ಮೆತ್ತನೆಯವು, ಕಲಸಿದರೆ ಕರಗಿ ಎಲ್ಲಕ್ಕೂ ಬಣ್ಣ ಮೆತ್ತುತ್ತವೆ. ಅವಕ್ಕೆ ಸೀಕರಣೆಯೇ ಸರಿಯಾದ ಜಾಗ. ಅರೆಹಣ್ಣಾದ ಗಿಣಿಮೂತಿಯ ಅರ್ಧವನ್ನು ಉದ್ದುದ್ದ ಸೀಳಿ ಹಾಕಿದರೆ ಹುಳಿಸಿಹಿ ಎರಡೂ ಬಂದವು, ಗಟ್ಟಿತನವೂ ಉಳಿಯಿತು.

“ಪುದೀನ ಹರಿದು”: ಹದಿನೈದಿಪ್ಪತ್ತು ಎಲೆ, ಕೈಯಲ್ಲಿ ಹರಿದದ್ದು. ಮೊಂಡು ಚಾಕುವಿನಲ್ಲಿ ಹೆಚ್ಚಿದರೆ ಎಲೆ ನಜ್ಜಾಗಿ ಅಂಚು ಕಪ್ಪಾಗುತ್ತದೆ. “ನಿಂಬೆ ಹಿಂಡಿ” ಎಂಬಲ್ಲಿ ಒಂದು ಹಣ್ಣಿನ ರಸ ಸಾಕು. ಬೀಜ ಬೀಳದಂತೆ ನೋಡಬೇಕು, ಕಚ್ಚಿದರೆ ಕಹಿ. ಹುಳಿ ಬೀಳುವುದರಿಂದ ಪಾತ್ರೆ ಸ್ಟೀಲಿನದೋ ಪಿಂಗಾಣಿಯದೋ ಆಗಿರಬೇಕು. ಕಲಾಯಿಯಿಲ್ಲದ ಹಿತ್ತಾಳೆ ಬೋಗುಣಿ ಎಷ್ಟು ಚೆಂದವಾಗಿದ್ದರೂ ಇಲ್ಲಿ ವರ್ಜ್ಯ.

“ಮೆಣಸು ಕುಟ್ಟಿ”: ಮೆಣಸು ಎಂದರೆ ಕರಿಮೆಣಸು, ಮೆಣಸಿನಕಾಯಿಯಲ್ಲ. ಮೂರನೆಯ ಮಂಗರಸನು 16ನೆಯ ಶತಮಾನದ ಆದಿಯಲ್ಲಿ ‘ಸೂಪಶಾಸ್ತ್ರ’ವನ್ನು ರಚಿಸಿದಾಗ ಮೆಣಸಿನಕಾಯಿ ಈ ನಾಡಿನ ಅಡುಗೆಗೆ ಇನ್ನೂ ಬಂದಿರಲಿಲ್ಲ, ಅದು ಪೋರ್ಚುಗೀಸರ ಹಡಗಿನಲ್ಲಿ ಅಮೆರಿಕದ ಕಡೆಯಿಂದ ಬಂದದ್ದು. ಅರ್ಧ ಚಮಚ ಮೆಣಸನ್ನು ಆಗಲೇ ತರಿತರಿಯಾಗಿ ಕುಟ್ಟಿದರೆ ಘಮವಿರುತ್ತದೆ, ಪೊಟ್ಟಣದ ಪುಡಿಯಲ್ಲಿ ಬರಿಯ ಖಾರ.

“ಎಲ್ಲರೂ ಕುಳಿತ ಮೇಲೆ ಉಪ್ಪಿಡುವುದು” ಎಂಬ ಕಡೆಯ ಭಾಗಕ್ಕೆ ಮೇಲಿನದೆಲ್ಲ ದಾರಿ ಮಾತ್ರ. ಕೊಯ್ದ ಹಣ್ಣಿನ ಮೇಲೆ ಉಪ್ಪು ಬಿದ್ದೊಡನೆ ಹೊರಗಿನ ತೇವ ಒಳಗಿನದಕ್ಕಿಂತ ಉಪ್ಪಾಗುತ್ತದೆ. ಜೀವಕೋಶಗಳ ಪೊರೆಯ ಮೂಲಕ ಒಳಗಿನ ನೀರು ಹೊರಕ್ಕೆ ಹರಿದು ಎರಡನ್ನೂ ಸಮಗೊಳಿಸಲು ಹವಣಿಸುತ್ತದೆ. ಕಾಲು ಗಂಟೆ ಕಳೆದರೆ ಬೋಗುಣಿಯ ತಳದಲ್ಲಿ ಗುಲಾಬಿ ನೀರು, ಅದರಲ್ಲಿ ತೇಲುವ ಸೋತ ತುಂಡುಗಳು, ಕೆಂಪು ಹತ್ತಿದ ಪನೀರು. ರಾಮನವಮಿಯ ಹೆಸರುಬೇಳೆ ಕೋಸಂಬರಿಗೆ ಹಂಚುವ ಹೊತ್ತಿಗೆ ಮಾತ್ರ ಉಪ್ಪು ಬೆರಸುವ ಮನೆಯ ಹಿರಿಯರು ಪಾಲಿಸುತ್ತಿದ್ದುದೂ ಇದೇ ನಿಯಮವನ್ನು. ಆಡಂಬರಕ್ಕೆ ಮುಂಚೆಯೇ ಕಲಸಿ ಮೇಜಿನ ಮೇಲೆ ಇಡುವ ಈಗಿನ ರೂಢಿ ಈ ತಿನಿಸಿಗೆ ಹೊಂದುವಂಥದಲ್ಲ. “ಎಲ್ಲರೂ” ಎಂಬ ಪದವೂ ವ್ಯರ್ಥವಲ್ಲ: ಜ್ಞಾನಭಾರತಿ ಮೆಟ್ರೊ ನಿಲ್ದಾಣದಲ್ಲಿ ಇಳಿದು ಬರಬೇಕಾದ ನೆಂಟರು ಇನ್ನೂ ದಾರಿಯಲ್ಲಿದ್ದರೆ ಉಪ್ಪಿನ ಡಬ್ಬಿ ಮುಚ್ಚಿಯೇ ಇರಬೇಕು. ಪ್ರಮಾಣ ಅರ್ಧ ಚಮಚ, ಪನೀರು ಉಪ್ಪುನೀರಿನಲ್ಲಿ ನೆನೆದದ್ದಾದರೆ ಕಾಲು. ಉದುರಿಸಿದ ಮೇಲೆ ಸೌಟಿನಿಂದ ತಿರುವದೆ ಎರಡು ಕೈಗಳಿಂದ ಕೆಳಗಿನದನ್ನು ಮೇಲೆತ್ತಿ ಒಮ್ಮೆ ಮಗುಚಿ ಬಡಿಸುವುದು.

ಮೂಲವು ಉಳಿಕೆಯ ಮಾತೆತ್ತುವುದಿಲ್ಲ. ಉಳಿಯಬಾರದೆಂಬುದೇ ಅದರ ಅಭಿಪ್ರಾಯವಿರಬೇಕು. 32 ಡಿಗ್ರಿಗೆ ಮೀರಿದ ಸೆಕೆಯಲ್ಲಿ ಕೊಯ್ದ ಹಣ್ಣೂ ಪನೀರೂ ಒಂದು ಗಂಟೆಗಿಂತ ಹೆಚ್ಚು ಹೊರಗಿರಬಾರದು. ಮಿಕ್ಕದ್ದನ್ನು ಮರುದಿನಕ್ಕೆ ಎತ್ತಿಡದೆ ಆಗಲೇ ಹಂಚಿ ಮುಗಿಸಬೇಕು.