ಶೌಚಾಲಯದಲ್ಲಿ ಸಿಕ್ಕ ಹಾಡು

2007ರ ಫೆಬ್ರುವರಿ. ಲಿಸ್ಬನ್ನಿನಲ್ಲಿ ನೈನ್ ಇಂಚ್ ನೇಲ್ಸ್ ರಾಕ್ ತಂಡದ ಕಾರ್ಯಕ್ರಮ. ಅಲ್ಲಿನ ಶೌಚಾಲಯದಲ್ಲಿ ಅಭಿಮಾನಿಯೊಬ್ಬರಿಗೆ ಪೆನ್‌ಡ್ರೈವ್ ಸಿಕ್ಕಿತು. ಅದರೊಳಗೆ ಇನ್ನೂ ಬಿಡುಗಡೆಯಾಗದ ಹಾಡಿತ್ತು!

ಯಾರೋ ಬೀಳಿಸಿಕೊಂಡದ್ದಲ್ಲ, ಬೇಕೆಂದೇ ಬಿಟ್ಟದ್ದು. ಬರಲಿದ್ದ 'ಇಯರ್ ಝೀರೋ' ಆಲ್ಬಮ್ಮಿನ ಸುದ್ದಿಯನ್ನೇ ತಂಡದ ನಾಯಕ ಟ್ರೆಂಟ್ ರೆಝ್ನರ್ ಒಗಟಾಗಿ ಹಂಚಿದ್ದ. ಪ್ರವಾಸದ ಟೀ-ಶರ್ಟಿನಲ್ಲಿ ಎದ್ದು ಕಾಣುವ ಅಕ್ಷರಗಳನ್ನು ಕೂಡಿಸಿ ಓದಿದರೆ ಒಂದು ವಾಕ್ಯ. ಪೆನ್‌ಡ್ರೈವ್‌ನ ಆ ಹಾಡಿನ ಕೊನೆಯ ಕರಕರ ಸದ್ದನ್ನು ಕಂಪ್ಯೂಟರಿಗೆ ಹಾಕಿ ಧ್ವನಿಯ ನಕ್ಷೆ ತೆಗೆದವರಿಗೆ ಮೇಲಿನಿಂದ ಚಾಚಿದ ದೈತ್ಯ ಕೈ ಕಂಡಿತು. ಗೊರಗೊರ ಸದ್ದಿನಲ್ಲೂ ಏನೋ ಇದೆಯೆಂದು ಕೆದಕಿದ ಆ ಹುಚ್ಚಿಗೂ ಒಂದು ಚಪ್ಪಾಳೆ ಸಲ್ಲಬೇಕು.

ಈ ತಂಡದ್ದು ಯಂತ್ರದ ಬಡಿತವನ್ನೇ ತಾಳವಾಗಿಸಿಕೊಂಡ ಸಂಗೀತ, ಇಂಡಸ್ಟ್ರಿಯಲ್ ರಾಕ್. ಕ್ಲೀವ್‌ಲ್ಯಾಂಡಿನ ಸ್ಟುಡಿಯೊ ಒಂದರಲ್ಲಿ ಕಸ ಗುಡಿಸುವುದೂ ಸೇರಿ ಸಣ್ಣಪುಟ್ಟ ಕೆಲಸ ಮಾಡಿಕೊಂಡಿದ್ದ ರೆಝ್ನರ್, ಅದು ಖಾಲಿಯಿದ್ದ ಹೊತ್ತಿನಲ್ಲಿ ಕಟ್ಟಿದ ಹಾಡುಗಳೇ 1989ರ 'ಪ್ರಿಟಿ ಹೇಟ್ ಮಷೀನ್' ಆಲ್ಬಮ್ಮಿಗೆ ಬುನಾದಿ. ರಾಮನಗರದ ರೇಷ್ಮೆನೂಲು ಬಿಚ್ಚಾಣಿಕೆ ಘಟಕಗಳ, ಚನ್ನಪಟ್ಟಣದ ಗೊಂಬೆ ಕಡೆಯುವ ಲೇತುಗಳ ಸದ್ದಿನಲ್ಲಿ ಬೆಳೆದ ಕಿವಿಗೆ ಇದು ಬರೀ ಗದ್ದಲ ಅನಿಸಲಾರದು.

ಲಿಸ್ಬನ್ ಪ್ರಸಂಗದ ಮರುತಿಂಗಳು, ಮಾರ್ಚ್ 17ರಂದು, ಬೆಂಗಳೂರಿನ ಅರಮನೆ ಮೈದಾನಕ್ಕೆ ಐರನ್ ಮೇಡನ್ ತಂಡ ಬಂತು. ಹೆವಿ ಮೆಟಲ್ ಪ್ರಿಯರಿಗೆ ಅದೇ ಜಾತ್ರೆ.

ರೆಝ್ನರ್‌ನ ಬೆನ್ನು ಹತ್ತಿದವರಿಗೆ ಮೈದಾನವೂ ಬೇಕಾಗಲಿಲ್ಲ. 2008ರ ಮೇ ತಿಂಗಳಲ್ಲಿ 'ದಿ ಸ್ಲಿಪ್' ಆಲ್ಬಮ್ಮನ್ನು ಆತ ಇಡಿಯಾಗಿ, ಉಚಿತವಾಗಿ ಅಂತರ್ಜಾಲಕ್ಕೆ ಬಿಟ್ಟ. ಸೈಬರ್ ಕೆಫೆಯ ವೇಗ ಕೈಕೊಡದಿದ್ದರೆ, ಕ್ಲೀವ್‌ಲ್ಯಾಂಡಿನವರ ಜೊತೆಜೊತೆಗೇ ಕನಕಪುರ, ಮಾಗಡಿಯವರೂ ಅದನ್ನು ಇಳಿಸಿಕೊಳ್ಳಬಹುದಿತ್ತು.