ತ್ಸೂಗೆ ಯಾವ ಕನ್ನಡ?

ಆಧುನಿಕ ಜಪಾನೀ ನಾಟಕ ಕನ್ನಡದ ಓದುಗನಿಗೆ ಸಿಗುವುದು ಬಹುಮಟ್ಟಿಗೆ ಇಂಗ್ಲಿಷ್ ಸಂಕಲನಗಳಿಂದ. ಡೇವಿಡ್ ಗುಡ್‌ಮನ್ 1986ರಲ್ಲಿ ಹಿರೋಶಿಮಾ, ನಾಗಸಾಕಿಗಳ ನಾಲ್ಕು ನಾಟಕಗಳನ್ನು ಒಂದೆಡೆ ತಂದರು. 2014ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಕಾಶನದಿಂದ ದಪ್ಪನೆಯ ಸಂಪುಟವೊಂದು ಬಂತು. ಪೀಠಿಕೆ, ಟಿಪ್ಪಣಿಗಳಿಗೆ ಇವುಗಳಲ್ಲಿ ಬರವಿಲ್ಲ. ಬರವಿರುವುದು ಪಾತ್ರಗಳ ನಾಲಿಗೆಗೆ. ರೈತ, ವ್ಯಾಪಾರಿ, ದೇವತೆ ಎಲ್ಲರೂ ಒಂದೇ ಹದದ ಇಂಗ್ಲಿಷಿನಲ್ಲಿ ಮಾತಾಡುವಂತಾಗುವುದು ಸಂಕಲನವೆಂಬ ಪ್ರಕಾರಕ್ಕೇ ಅಂಟಿದ ರೋಗ. ಅಲ್ಲಿಂದ ಕನ್ನಡಕ್ಕೆ ತಂದರೆ ಅದು ಇಮ್ಮಡಿಯಾಗುತ್ತದೆ: ಯಾರ ಮನೆಯದೂ ಅಲ್ಲದ, ಆಕಾಶವಾಣಿಯ ವಾರ್ತೆಯಂಥ ಕನ್ನಡ.

ಇದು ಜಪಾನಿನವರಿಗೂ ಗೊತ್ತಿದ್ದ ಕಷ್ಟವೇ. 1924ರಲ್ಲಿ ಟೋಕಿಯೋದಲ್ಲಿ ತ್ಸುಕಿಜಿ ಕಿರುರಂಗಮಂದಿರ ತೆರೆದಾಗ ಒಸನಾಯಿ ಕಾವೊರು, ಮೊದಲ ಎರಡು ವರ್ಷ ಅನುವಾದಿತ ನಾಟಕಗಳನ್ನಷ್ಟೇ ಆಡುತ್ತೇವೆಂದು ಘೋಷಿಸಿ ಸ್ವದೇಶಿ ಲೇಖಕರ ಸಿಟ್ಟಿಗೆ ಗುರಿಯಾದರು. ಚೆಕಾಫ್, ಇಬ್ಸೆನ್‌ರ ಜೊತೆಗೆ ಅನುವಾದದ ವಾಸನೆಯ ಮಾತುಗಾರಿಕೆಯೂ ರಂಗದಲ್ಲಿ ಬೇರು ಬಿಟ್ಟಿತು. ಅದೇ ರಂಗದಲ್ಲಿ ಪಳಗಿದ ನಟಿ ಯಮಾಮೊಟೊ ಯಾಸುಯೆಗಾಗಿ ಕಿನೋಶಿತಾ ಜುಂಜಿ 1949ರಲ್ಲಿ ಬರೆದ ‘ಯೂಜುರು’ ಈ ರೋಗಕ್ಕೆ ಕೊಟ್ಟ ಮದ್ದು. ಆಕೆ ಅದನ್ನು ಸಾವಿರಕ್ಕೂ ಹೆಚ್ಚು ಸಲ ಆಡಿದರು. ಕತೆ ಸಾದೋ ದ್ವೀಪದ ಜನಪದದ್ದು. ಗಾಯಗೊಂಡ ಕೊಕ್ಕರೆಯನ್ನು ಯೋಹ್ಯೋ ಉಳಿಸುತ್ತಾನೆ. ಅದು ತ್ಸೂ ಎಂಬ ಹೆಣ್ಣಾಗಿ ಅವನ ಮನೆ ಸೇರಿ, ತನ್ನದೇ ಗರಿ ಕಿತ್ತು ಬಟ್ಟೆ ನೇಯುತ್ತದೆ. ಸೋಡೊ, ಉನ್ಜು ಎಂಬಿಬ್ಬರು ದುಡ್ಡಿನಾಸೆ ಹಚ್ಚುತ್ತಾರೆ. ಹಣದ ಮಾತು ಬಂದಾಗ ತ್ಸೂಗೆ ಅದು ಅರ್ಥವೇ ಆಗುವುದಿಲ್ಲ. ಕೊನೆಗೆ ಗಂಡನ ಮಾತೂ ತಿಳಿಯದಾಗುತ್ತದೆ. ಇದು ಸಂಕೇತವಷ್ಟೇ ಅಲ್ಲ. ಕಿನೋಶಿತಾ ತ್ಸೂಗೆ ಶಿಷ್ಟ ಜಪಾನಿಯನ್ನು ಕೊಟ್ಟು, ಉಳಿದವರಿಗೆ ಹಲವು ಸೀಮೆಗಳ ಆಡುಮಾತನ್ನು ಬೆರೆಸಿ ಕಟ್ಟಿದ, ಯಾವ ಊರಿನದೂ ಅಲ್ಲದ ಹಳ್ಳಿಮಾತನ್ನು ಕೊಟ್ಟರು. ನಾಟಕದ ದುರಂತ ಕೂತಿರುವುದು ಈ ಎರಡು ಮಾತುಗಳ ಬಿರುಕಿನಲ್ಲಿ. ಮಾತು ಒಂದೇ ಆದರೆ ಉಳಿಯುವುದು ಮಕ್ಕಳ ಕತೆ.

ಇಂಗ್ಲಿಷ್ ಅನುವಾದಕನಿಗೆ ಇಲ್ಲದ ಅನುಕೂಲ ಕನ್ನಡಕ್ಕೆ, ಅದರಲ್ಲೂ ಕರಾವಳಿಗೆ ಇದೆ. ಯಕ್ಷಗಾನದಲ್ಲಿ ರಾಜನ ಗ್ರಾಂಥಿಕ ಮಾತಿನ ಎದುರಿಗೇ ಹಾಸ್ಯಗಾರನ ಆಡುಮಾತು ಸಲೀಸಾಗಿ ನಿಲ್ಲುತ್ತದೆ; ಪ್ರೇಕ್ಷಕ ಹುಬ್ಬೇರಿಸುವುದಿಲ್ಲ. ಕಂಬಾರರು ಉತ್ತರ ಕರ್ನಾಟಕದ ಮಾತಿನಲ್ಲೇ ಗಂಭೀರ ನಾಟಕ ಕಟ್ಟಿ ತೋರಿಸಿದ್ದಾರೆ. ಹಾಗಾದರೆ ಸೋಡೊ, ‘ಇನ್ನೊಂದೆರಡು ತುಂಡು ನೇಯಿಸು ಮಾರಾಯ, ಪೇಟೆಯಲ್ಲಿ ಒಳ್ಳೆ ಕ್ರಯ ಉಂಟು’ ಎಂದರೇನು ತಪ್ಪು? ತಪ್ಪಿದೆ. ‘ಮಾರಾಯ’ ಕೇಳಿದೊಡನೆ ಬೆಂಗಳೂರಿನ ಸಭಾಂಗಣ ನಗುತ್ತದೆ. ಸಿನಿಮಾಗಳು ಮಂಗಳೂರು ಕನ್ನಡವನ್ನು ನಗೆಯ ಸರಕು ಮಾಡಿಟ್ಟಿವೆ. ಜೊತೆಗೆ ಕಿನೋಶಿತಾರ ಹಳ್ಳಿಮಾತಿಗೆ ಊರಿಲ್ಲ, ಇದಕ್ಕಿದೆ. ಆದ್ದರಿಂದ ‘ಮಾರಾಯ’ನನ್ನು ಬಿಟ್ಟು ‘ಉಂಟು’, ‘ಕ್ರಯ’, ‘ಹೋಗ್ಲಿಕ್ಕೆ’ಗಳನ್ನು ಉಳಿಸಿ, ಬೇರೆ ಸೀಮೆಗಳ ಮಾತೂ ಸೇರಿಸಿ ಹೊಸದೊಂದು ಹದ ಮಾಡಬೇಕು. ಒಂದು ಸೀಮೆಯ ಮಾತನ್ನು ಇಡಿಯಾಗಿ ಎತ್ತಿ ಇಟ್ಟರೆ ಸಾಲದು.

ಇನ್ನೂ ಗಟ್ಟಿಯಾದ ಆಕ್ಷೇಪವಿದೆ: ಇಂಗ್ಲಿಷನ್ನು ಬಿಟ್ಟು ನೇರ ಜಪಾನಿಯಿಂದ ತನ್ನಿ, ಎಲ್ಲ ಸರಿಹೋಗುತ್ತದೆ. ತರಲೇಬೇಕು, ಎರಡು ಮಾತಿಲ್ಲ. ಆದರೆ ಮೂಲ ಕೈಯಲ್ಲಿದ್ದರೂ ತ್ಸೂಗೆ ಯಾವ ಕನ್ನಡ ಎಂಬ ಪ್ರಶ್ನೆಗೆ ಉತ್ತರ ಮೂಲದಲ್ಲಿಲ್ಲ, ಆಡುವ ಊರಿನಲ್ಲಿದೆ. ಮಂಗಳೂರಿನ ಬೆಂಗ್ರೆಯನ್ನೇ ನೋಡಿ. ಒಂದು ಕಡೆ ಅರಬ್ಬಿ ಸಮುದ್ರ, ಇನ್ನೊಂದು ಕಡೆ ಫಲ್ಗುಣಿ. ನಡುವೆ ಮರಳಿನ ಉದ್ದ ನಾಲಿಗೆ. ದೋಣಿ ಹತ್ತಿ ದಾಟಿದರೆ ಬಂದರು ಪೇಟೆ. ಮೊಗವೀರರ ಮನೆಯಲ್ಲಿ ತುಳು, ಬ್ಯಾರಿಗಳ ಮನೆಯಲ್ಲಿ ಬ್ಯಾರಿ. ಕನ್ನಡ ಶಾಲೆಯದು, ಪತ್ರಿಕೆಯದು, ಅರ್ಜಿಯದು. ಕಿನೋಶಿತಾರ ಸೂತ್ರವನ್ನು ಇಲ್ಲಿಗೆ ಯಥಾವತ್ತು ತಂದರೆ ತ್ಸೂ ಪುಸ್ತಕದ ಕನ್ನಡ ಆಡುತ್ತಾಳೆ, ದುರಾಸೆಯವರು ತುಳು ಆಡುತ್ತಾರೆ. ಅಂದರೆ ಪ್ರೇಕ್ಷಕರ ಮನೆಮಾತೇ ಆಸೆಬುರುಕತನದ ಮಾತಾಯಿತು! ಪದಕ್ಕೆ ಪದ ನಿಷ್ಠವಾಗಿದ್ದೂ ನಾಟಕ ತಲೆಕೆಳಗಾಗುತ್ತದೆ. ಬೆಂಗ್ರೆಯಲ್ಲಿ ತ್ಸೂಗೇ ತುಳು ಕೊಟ್ಟು, ಸೋಡೊ-ಉನ್ಜುಗಳ ಬಾಯಲ್ಲಿ ರಶೀದಿಯ, ಬ್ಯಾಂಕಿನ ಕನ್ನಡ ಇಡುವುದು ಮೂಲಕ್ಕೆ ಹೆಚ್ಚು ಹತ್ತಿರ. ಧಕ್ಕೆಯ ಮೀನಿನ ಏಲಂ ಕೂಗು ತುಳುವಿನಲ್ಲೂ ನಡೆಯುತ್ತದಲ್ಲ, ತುಳುವಿಗೆ ದುಡ್ಡು ಗೊತ್ತಿಲ್ಲವೇ ಎಂದು ಕೇಳಬಹುದು. ಗೊತ್ತಿದೆ, ತುಳು ಪರಿಶುದ್ಧ, ಕನ್ನಡ ಮಲಿನ ಎಂಬ ವಾದವಲ್ಲ ಇದು. ಯಾವ ಮಾತಿನಲ್ಲಿ ಜೋಗುಳ ಕೇಳಿದ್ದೇವೋ ಅದು ತ್ಸೂವಿನದು ಎಂಬುದಷ್ಟೇ ಲೆಕ್ಕ. ಬ್ಯಾರಿ ಮನೆಗಳ ಮುಂದೆ ಆಡುವಾಗ ಈ ಲೆಕ್ಕವನ್ನೂ ಮತ್ತೆ ಹಾಕಬೇಕು.

ಬಿ.ಎಂ.ಶ್ರೀ. ಸೊಫೊಕ್ಲಿಸನ ‘ಏಜಾಕ್ಸ್’ ಅನ್ನು ಮಹಾಭಾರತಕ್ಕೆ ತಂದು ‘ಅಶ್ವತ್ಥಾಮನ್’ ಮಾಡಿದಾಗ ಹಳಗನ್ನಡವನ್ನೇ ಆರಿಸಿಕೊಂಡರು. ಆ ಆಯ್ಕೆಯೇ ಆ ಅನುವಾದದ ವಿಮರ್ಶೆಯೂ ಹೌದು. ಜಪಾನೀ ನಾಟಕಗಳ ಕನ್ನಡ ಸಂಕಲನವೊಂದನ್ನು ಯೋಜಿಸುವವರು ಯಾವ ಹತ್ತು ನಾಟಕ ಎಂದು ಪಟ್ಟಿ ಮಾಡುವ ಮೊದಲು, ಒಂದೇ ‘ಯೂಜುರು’ವನ್ನು ಎರಡು ಊರಿಗೆ ಎರಡು ಬಗೆಯಲ್ಲಿ ಬರೆಸಿ ಅಕ್ಕಪಕ್ಕ ಅಚ್ಚು ಹಾಕಲಿ: ಒಂದು ಮಲೆನಾಡಿನ ಹೆಗ್ಗೋಡಿಗೆ, ಒಂದು ಬೆಂಗ್ರೆಗೆ.